ಅಪ್ಪನ ತೋಟ ಮಾರಬಹುದಾ?

ಪ್ರಶ್ನೆ: ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಒಂದು ಎಕರೆ ಹಿಪ್ಪುನೇರಳೆ ತೋಟ ಇದೆ. "ಇದು ದೇವರದು, ನಾವು ನೋಡಿಕೊಳ್ಳುವವರು ಅಷ್ಟೇ" ಅನ್ನುತ್ತಿದ್ದರು. ವಿಲ್ ಬರೆದಿಲ್ಲ. ತಮ್ಮ ಮಾರೋಣ ಅನ್ನುತ್ತಾನೆ, ತಂಗಿ ಮಾತೇ ಆಡುವುದಿಲ್ಲ. ಮಾರಿದರೆ ಅಪ್ಪನ ನಂಬಿಕೆಗೆ ದ್ರೋಹ ಮಾಡಿದ ಹಾಗಾ?
– ಕೋಲಾರದ ಓದುಗ

ಉತ್ತರ: ಇಲ್ಲಪ್ಪ, ಮಾರುವುದೇ ದ್ರೋಹವಲ್ಲ. ನಮ್ಮ ಬೈಬಲ್‌ನಲ್ಲಿ ಬರುವ 'ಮನೆವಾರ್ತೆಯವನು' ಅನ್ನುವ ಮಾತು ನೆನಪಿದೆಯಲ್ವಾ? ಯಜಮಾನನ ಮನೆ ನಡೆಸುವವನು, ಹೊತ್ತಿಗೆ ಸರಿಯಾಗಿ ಮನೆಯವರಿಗೆ ಊಟ ಅಳೆದುಕೊಡುವವನು. ಅಂದರೆ ಅವನ ಕೆಲಸ ಬರೀ ಮಣ್ಣು ಕಾಯುವುದಲ್ಲ, ಜನರನ್ನು ನೋಡಿಕೊಳ್ಳುವುದು. ಆಸ್ತಿ ಪಾಲು ಮಾಡಿಸು ಎಂದು ಒಬ್ಬ ಬಂದಾಗ ಯೇಸು ಪಾಲು ಮಾಡಲಿಲ್ಲ, ಲೋಭದ ಬಗ್ಗೆ ಎಚ್ಚರಿಸಿದ (ಲೂಕ 12).

ತಂಗಿ ಯಾಕೆ ಸುಮ್ಮನಿದ್ದಾಳೆ ಅಂತ ಕೇಳಿದ್ದೀರಾ? ಬಹುಶಃ ಅವಳನ್ನು ಯಾರೂ ಕೇಳಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ, ವಿಲ್ ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮ. ಅಮ್ಮ ಇದ್ದರೆ ಮೊದಲು ಅವರ ಪಾಲು. ಇದು ಅವರಿಗೆ ನೀವು ಕೊಡುವ ದಾನವಲ್ಲ, ಅವರದ್ದೇ.

ನನಗೂ ಅಪ್ಪ ಹೋದ ಮೇಲೆ ಅವರ ಸೊಪ್ಪು ಕೊಯ್ಯುವ ಕುಡುಗೋಲು ಗೋಡೆಯಿಂದ ತೆಗೆಯಲು ವರ್ಷ ಹಿಡಿಯಿತು, ಹಿಡಿಯಲ್ಲಿ ಅವರ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಆದ್ದರಿಂದ ಈಗಲೇ ಅವಸರ ಬೇಡ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಮೂವರೂ ತೋಟದಲ್ಲಿ ಕೂತುಕೊಳ್ಳಿ, ಮೊದಲು ತಂಗಿ ಮಾತಾಡಲಿ.