ರಾಯಚೂರಿನ ಬೇಸಿಗೆಯಲ್ಲಿ ಟೊಮ್ಯಾಟೊ ಹೂ ಉದುರುತ್ತಿದೆ, ಏನು ಮಾಡಲಿ?

ಮೈಸೂರಿನಿಂದ ವರ್ಗವಾಗಿ ರಾಯಚೂರಿಗೆ ಬಂದಿದ್ದೀರಿ, ಹಿತ್ತಲಲ್ಲಿ ಟೊಮ್ಯಾಟೊ ಹಾಕಿದ್ದೀರಿ, ಗಿಡ ಹಸಿರಾಗಿದೆ, ಹೂವೂ ಬಿಡುತ್ತಿದೆ, ಆದರೆ ಏಪ್ರಿಲ್ ಬಂದ ಮೇಲೆ ಒಂದೂ ಕಾಯಿ ಕಟ್ಟಿಲ್ಲ, ಯಾವ ಗೊಬ್ಬರ ಹಾಕಲಿ ಅಂತ ಕೇಳಿದ್ದೀರಿ. ದಯವಿಟ್ಟು ಗೊಬ್ಬರ ಹಾಕಬೇಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮ್ಯಾಟೊ ಹೂವಿನ ಪರಾಗ ಕೆಡುತ್ತದೆ, ಹೂ ಒಣಗಿ ಉದುರುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ದಾಟುವುದು ಮಾಮೂಲು. ದೊಣ್ಣೆ ಮೆಣಸಿನಕಾಯಿಯ ಕಥೆಯೂ ಇದೇ. ಯೂರಿಯಾ ಹಾಕಿದರೆ ಎಲೆ ಜಾಸ್ತಿಯಾಗಿ, ಗಿಡ ಇನ್ನಷ್ಟು ನೀರು ಕೇಳುತ್ತದೆ ಅಷ್ಟೆ.

ನಾನು ಶಿವಮೊಗ್ಗ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಎರಡು ಬೇಸಿಗೆ ನನಗೂ ಹೀಗೇ ಆಗಿತ್ತು. "ಬ್ಯಾಸಿಗ್ಯಾಗ ಟೊಮೆಟೊ ಯಾಕ ಹಾಕ್ತಿ, ಚವಳಿಕಾಯಿ ಹಾಕು" ಅಂತ ನಮ್ಮತ್ತೆ ಹೇಳಿದ ಮೇಲೇ ನನ್ನ ಹಿತ್ತಲು ದಾರಿಗೆ ಬಂತು. ನೀವು ಗೋರಿಕಾಯಿ ಅಂತೀರಲ್ಲ, ಅದೇ. ಅದರ ಬೇರು ಆಳಕ್ಕೆ ಇಳಿಯುತ್ತದೆ, ಬಿಸಿಲಿಗೆ ಜಗ್ಗುವುದಿಲ್ಲ. ಬೆಂಡೆ, ಅಲಸಂದೆ, ರಾಜಗಿರಿ, ಪುಂಡಿಪಲ್ಯ ಕೂಡ ಚೆನ್ನಾಗಿ ಬರುತ್ತವೆ. ರಾಜಗಿರಿಯನ್ನು ತಿಂಗಳೊಳಗೆ ಕೊಯ್ಯಬಹುದು. ಹೀರೆ, ಹಾಗಲ ಹಾಕಿದರೆ ಒಂದು ಮಾತು ನೆನಪಿಡಿ: ಬಿಸಿಲು ಹೆಚ್ಚಾದಾಗ ಈ ಬಳ್ಳಿಗಳಲ್ಲಿ ಗಂಡು ಹೂವೇ ಜಾಸ್ತಿ ಬರುತ್ತವೆ, ಕಾಯಿ ಕಡಿಮೆಯಾಗುತ್ತದೆ. ಆಗ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸಿ. ಹಾಗಲ ಹೂ ಬೆಳಿಗ್ಗೆ ಅರಳುತ್ತದೆ, ಹೀರೆ ಹೂ ಸಂಜೆ. ನಾನು ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಹೀರೆ ಹೂ ನೋಡುತ್ತಿದ್ದೆ, ಅಷ್ಟು ಹೊತ್ತಿಗೆ ಅದು ಬಾಡಿರುತ್ತಿತ್ತು.

ಗಿಡದ ಆಯ್ಕೆಯಷ್ಟೇ ಮುಖ್ಯವಾದದ್ದು ಮಣ್ಣು. ನಿಮ್ಮ ಹಿತ್ತಲಲ್ಲಿ ಎರೆಮಣ್ಣು ಇದ್ದರೆ ಅದು ಒಣಗಿದಾಗ ಬಾಯಿ ಬಿಡುತ್ತದೆ, ಆ ಬಿರುಕಿನಲ್ಲಿ ಕೆಳಗಿನ ತೇವವೂ ಆರುತ್ತದೆ, ಸಣ್ಣ ಬೇರುಗಳು ಹರಿಯುತ್ತವೆ. ಆದ್ದರಿಂದ ಮಣ್ಣನ್ನು ಬರಿದಾಗಿ ಬಿಡಲೇಬೇಡಿ. ಭತ್ತದ ಹುಲ್ಲು, ಶೇಂಗಾ ಹೊಟ್ಟು, ಕತ್ತರಿಸಿದ ಜೋಳದ ಕಣಿಕೆ, ಯಾವುದು ಸಿಗುತ್ತದೋ ಅದನ್ನು ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡದ ಸುತ್ತ ಸ್ವಲ್ಪ ಜಾಗ ಬಿಡಿ. ನನ್ನ ಪ್ರಕಾರ ನೆರಳು ಪರದೆಗಿಂತ ಮೊದಲು ಮಾಡಬೇಕಾದ ಕೆಲಸ ಇದು. ಪರದೆ ಕಟ್ಟುವುದಾದರೆ ಪಶ್ಚಿಮದ ಕಡೆ ಕಟ್ಟಿ, ಮಧ್ಯಾಹ್ನದ ನಂತರದ ಬಿಸಿಲೇ ಹೆಚ್ಚು ಸುಡುವುದು.

ನೀರಿಗೆ ಗಡಿಗೆ ಹೂಳುವ ಹಳೆಯ ಪದ್ಧತಿ ನನಗೆ ತುಂಬಾ ಇಷ್ಟ. ಬಣ್ಣ ಬಳಿಯದ ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳಿ, ಸುತ್ತ ಒಂದು ಗೇಣು ದೂರದಲ್ಲಿ ನಾಲ್ಕು ಗಿಡ ಹಚ್ಚಿ, ನೀರು ತುಂಬಿ ಬಾಯಿಗೆ ಹೆಂಚು ಮುಚ್ಚಿ. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ನೇರ ಬೇರಿಗೆ ಹೋಗುತ್ತದೆ, ಮೇಲಿನ ಮಣ್ಣು ಒಣಗಿರುವುದರಿಂದ ಕಳೆಯೂ ಕಡಿಮೆ. ನಾನು ಎರಡು ಮೂರು ದಿನಕ್ಕೊಮ್ಮೆ ತುಂಬುತ್ತೇನೆ. ಆದರೆ ಕುಡಿಯುವ ನೀರು ತಂಪಾಗುತ್ತಿಲ್ಲ ಅಂತ ಮೂಲೆಗಿಟ್ಟ ಹಳೆ ಗಡಿಗೆ ಬೇಡ. ಸಾಮಾನ್ಯವಾಗಿ ಅದರ ರಂಧ್ರಗಳು ಉಪ್ಪು ಕಟ್ಟಿ ಮುಚ್ಚಿರುತ್ತವೆ, ನೀರು ಜಿನುಗುವುದಿಲ್ಲ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಹೊಸ ಗಡಿಗೆಗೂ ಹೀಗಾಗುತ್ತದೆ, ಆಗಾಗ ತೆಗೆದು ತಿಕ್ಕಿ ತೊಳೆಯಬೇಕು.

ಇನ್ನೊಂದು ವಿಷಯ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತುಬಿದ್ದದ್ದು ನೋಡಿ ಓಡಿಹೋಗಿ ನೀರು ಹಾಕಬೇಡಿ. ಬೆರಳು ಮಣ್ಣಿಗೆ ತೂರಿಸಿ ನೋಡಿ, ಒಳಗೆ ತೇವ ಇದ್ದರೆ ಸಂಜೆಗೆ ಗಿಡ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಚಿಂತೆ ಮಾಡಿ.

ಈಗಿರುವ ಟೊಮ್ಯಾಟೊ ಗಿಡಗಳ ಎಲೆ ಮುದುಡಿ ಚಿಕ್ಕದಾಗುತ್ತಿದ್ದರೆ ಅದು ಬಿಳಿ ನೊಣ ಹರಡುವ ಎಲೆ ಮುದುಡು ರೋಗ ಇರಬಹುದು, ಕಿತ್ತುಬಿಡಿ. ಮತ್ತೆ ಸೆಪ್ಟೆಂಬರಿನಲ್ಲಿ ಬೀಜ ಹಾಕಿ, ಅಕ್ಟೋಬರಿನಲ್ಲಿ ಸಸಿ ನೆಡಿ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಇದೇ ಹಿತ್ತಲಲ್ಲಿ ಮನೆಗೆ ಸಾಕಾಗಿ ಪಕ್ಕದ ಮನೆಗೂ ಕೊಡುವಷ್ಟು ಹಣ್ಣು ಸಿಗುತ್ತವೆ. ಅಲ್ಲಿವರೆಗೆ ಆ ಮಡಿಯನ್ನು ಖಾಲಿ ಬಿಡಬೇಡಿ, ಚವಳಿಕಾಯಿ ಬೀಜವನ್ನು ಇವತ್ತು ರಾತ್ರಿಯೇ ನೆನೆಹಾಕಿ.