ಓದುಗರ ಪ್ರಶ್ನೆ, ನಮ್ಮ ಉತ್ತರ: ದೂರದೇಶದವರು ನಮ್ಮ ಒಲೆಯ ಮುಂದೆ

ಪ್ರಶ್ನೆ: ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ದಕ್ಷಿಣ ಕೊರಿಯಾದ ಯುವತಿಯೊಬ್ಬಳು ಬಾಡಿಗೆಗೆ ಇದ್ದಾಳೆ. ಸಂಶೋಧನೆಗೆಂದು ಒಂದು ವರ್ಷದ ಮಟ್ಟಿಗೆ ಬಂದವಳು. ನಮ್ಮ ಖಾರ ಆಕೆಗೆ ತಡೆಯಲಾರದೆಂದು ಹೆದರಿ ಬ್ರೆಡ್ಡು, ನೂಡಲ್ಸು, ಮೊಸರನ್ನ ಇಷ್ಟನ್ನೇ ಕೊಡುತ್ತ ಬಂದಿದ್ದೇವೆ. ರಜೆಯ ದಿನ ಕೋಟೆಯನ್ನೂ ಬೇರೆ ಊರುಗಳ ಗುಮ್ಮಟಗಳನ್ನೂ ತೋರಿಸಿದ್ದೇವೆ. ಮೊನ್ನೆ ಆಕೆ, "ನೀವು ದಿನಾಲು ಏನು ಉಣ್ಣುತ್ತೀರಿ?" ಎಂದು ಕೇಳಿದಾಗ ನನಗೆ ನಾಚಿಕೆಯಾಯಿತು. ಏನು ಬಡಿಸಲಿ, ಏನು ತೋರಿಸಲಿ?
– ಗೃಹಿಣಿ, ಕಲಬುರಗಿ

ಉತ್ತರ: ಅಕ್ಕಾ, ಆಕೆಯ ಪ್ರಶ್ನೆಯಲ್ಲಿಯೇ ನಿಮಗೆ ಬೇಕಾದ ಉತ್ತರವಿದೆ. ನೀವು ದಿನಾಲು ಉಣ್ಣುವುದನ್ನೇ ಆಕೆಗೂ ಬಡಿಸಿರಿ. ಅದಕ್ಕಿಂತ ಮೊದಲು ಆಕೆಯನ್ನು ಅಡುಗೆಮನೆಗೆ ಕರೆದು ಒಲೆಯ ಹತ್ತಿರ ಕೂರಿಸಿಕೊಳ್ಳಿರಿ. ಜೋಳದ ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರನ್ನು ಸುರಿಯುತ್ತೀರಲ್ಲ, ಆ ಗಳಿಗೆಗೆ ಆಕೆ ಪಕ್ಕದಲ್ಲಿರಬೇಕು. ಗೋದಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿನೀರು ಬಿದ್ದು ಹಿಟ್ಟು ಅರೆಬೆಂದಾಗಲೇ ಅದಕ್ಕೆ ಜಿಗಿ ಬರುತ್ತದೆ, ಇಲ್ಲವಾದರೆ ಬಡಿಯುವಾಗ ಅಂಚು ಸೀಳುತ್ತದೆ. ಇದನ್ನು ಬಾಯಿಯಿಂದ ವಿವರಿಸುವ ಅಗತ್ಯವೇ ಇಲ್ಲ. ಒಂದು ಮುದ್ದೆಯನ್ನು ಆಕೆಯ ಕೈಗೆ ಕೊಟ್ಟರೆ ಮೊದಲನೆಯ ರೊಟ್ಟಿ ಹರಿಯುತ್ತದೆ, ಎರಡನೆಯದು ಸೊಟ್ಟಗಾಗುತ್ತದೆ, ಅಷ್ಟರಲ್ಲಿ ಅಂಗೈಯನ್ನು ಎಲ್ಲಿ ಒತ್ತಬೇಕು, ಬೆರಳನ್ನು ಎಲ್ಲಿ ಸಡಿಲಿಸಬೇಕು ಎಂಬುದು ಆಕೆಗೆ ತಾನಾಗಿ ತಿಳಿಯತೊಡಗುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ನೀರು ಇಂಗುವ ಹೊತ್ತಿಗೆ ಹೊರಳಿಸಿ, ರೊಟ್ಟಿ ಉಬ್ಬುವುದನ್ನು ಒಟ್ಟಿಗೆ ನೋಡಿರಿ.

ಜೋಳ ಆಕೆಗೆ ತೀರ ಹೊಸದೇನೂ ಆಗಿರಲಾರದು. ಕೊರಿಯಾದಲ್ಲಿ ಜೋಳವನ್ನು "ಸುಸು" ಎನ್ನುತ್ತಾರೆ. ಮಗು ಹುಟ್ಟಿದ ನೂರನೆಯ ದಿನಕ್ಕೂ ಮೊದಲ ಹುಟ್ಟುಹಬ್ಬಕ್ಕೂ ಜೋಳದ ಹಿಟ್ಟಿನ ಉಂಡೆಗಳನ್ನು ಬೇಯಿಸಿ, ಕೆಂಪು ಕಾಳಿನ ಪುಡಿಯಲ್ಲಿ ಹೊರಳಿಸಿ ಇಡುವುದು ಅವರ ಪದ್ಧತಿ. ಆ ಕೆಂಪು ಬಣ್ಣ ಮಗುವಿಗೆ ಕೆಡುಕು ತಟ್ಟದಂತೆ ಕಾಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ನಮ್ಮಲ್ಲಿ ಮಗುವಿಗೆ ದೃಷ್ಟಿ ತೆಗೆಯುವ ಅಜ್ಜಿಗೆ ಈ ಮಾತು ಹೇಳಿ ನೋಡಿರಿ, ಇಬ್ಬರ ನಡುವೆ ಮಾತಿಗೆ ಎಷ್ಟು ಬೇಗ ದಾರಿಯಾಗುತ್ತದೆ!

ಖಾರದ ಹೆದರಿಕೆಯನ್ನಂತೂ ಬಿಟ್ಟುಬಿಡಿರಿ. ಕಿಮ್ಚಿ ಎಂಬ ಖಾರದ ಹುಳಿ ತರಕಾರಿ ಉಂಡು ಬೆಳೆದವರಿಗೆ ಒಣಮೆಣಸಿನ ಪುಡಿ ಮನೆಯ ಮಗಳಿದ್ದಂತೆ. ಇಷ್ಟಕ್ಕೂ ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಅದು ಅಮೆರಿಕ ಖಂಡದ ಬೆಳೆ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಂದಿಗೆ ನಮ್ಮ ಕಡೆಗೆ ಬಂದದ್ದು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ. ನಾವು ಕಣ್ಣು ಮುಚ್ಚಿ "ನಮ್ಮೂರ ರುಚಿ" ಎನ್ನುವ ಶೇಂಗಾ ಹಿಂಡಿಯಲ್ಲಿ ಎರಡು ಪರದೇಶಗಳು ಒಂದೇ ಒರಳಿನಲ್ಲಿ ಕುಟ್ಟಿಸಿಕೊಂಡಿವೆ. ಆದ್ದರಿಂದ ಹಿಂಡಿ, ಪುಂಡಿಪಲ್ಯ, ತೊಗರಿಬೇಳೆಯ ಕಟ್ಟು, ಉಳ್ಳಾಗಡ್ಡಿ ಇಷ್ಟನ್ನು ಧೈರ್ಯವಾಗಿ ತಟ್ಟೆಗೆ ಹಾಕಿರಿ. ಸಂಜೆ ಒಂದು ದಿನ ಸುಸಲಾ ಮತ್ತು ಮಿರ್ಚಿ, ಇನ್ನೊಂದು ದಿನ ನೆರೆಮನೆಯ ತಹರಿ, ಸಿಹಿಗೆ ಮಾಲ್ಪುರಿ.

ತೋರಿಸುವ ವಿಷಯದಲ್ಲಿ ನನ್ನದು ಒಂದೇ ಸಲಹೆ. ಬಂಧುಗಳಲ್ಲಿ ಯಾರಿಗಾದರೂ ಹೊಲವಿದ್ದರೆ ಎಳ್ಳಮಾವಾಸ್ಯೆಯ ದಿನ ಆಕೆಯನ್ನು ಹೊಲಕ್ಕೆ ಕರೆದುಕೊಂಡು ಹೋಗಿರಿ. ಹಲವು ಬಗೆಯ ಹಸಿಕಾಳು, ಸೊಪ್ಪು, ತರಕಾರಿ ಕೂಡಿಸಿ ಮಾಡಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತಣ್ಣನೆಯ ಅಂಬಲಿ ಇವೆಲ್ಲ ಬುಟ್ಟಿಯಲ್ಲಿ ಹೊಲಕ್ಕೆ ಹೋಗುತ್ತವೆ. ಮೊದಲು ಭೂಮಿಗೆ ಚರಗ, ಎಂದರೆ ಅಡುಗೆಯ ನೈವೇದ್ಯ ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುವ ಆ ಮಧ್ಯಾಹ್ನದಲ್ಲಿ ಯಾರೂ ಆಕೆಯನ್ನು ಹೊರಗಿನವಳೆಂದು ಬೇರೆ ಕೂರಿಸುವುದಿಲ್ಲ. ಗುಮ್ಮಟಗಳನ್ನು ಆಕೆ ಬೇಕಾದರೆ ಒಬ್ಬಳೇ ನೋಡಿ ಬರಬಲ್ಲಳು, ಆದರೆ ಹೊಲದ ಈ ಊಟಕ್ಕೆ ನೀವು ಕರೆಯದೆ ಹೋಗಲಾರಳು.

ಪ್ರಶ್ನೆ: ಹಿಂದಿನ ಕಾಲದಲ್ಲಿ ನಮ್ಮ ಭಾಗದಲ್ಲಿ ನೆಲೆಸಿ, ಇಲ್ಲಿಯ ಜನರ ಊಟ-ಉಡುಪಿನ ಬಗ್ಗೆ ಬರೆದಿಟ್ಟ ಪರದೇಶದವರು ಯಾರಾದರೂ ಇದ್ದಾರೆಯೇ?
– ಪದವಿ ವಿದ್ಯಾರ್ಥಿ, ಬೀದರ್

ಉತ್ತರ: ಇದ್ದಾರೆ, ಮತ್ತು ಅವರಲ್ಲಿ ಒಬ್ಬನ ಬಗ್ಗೆ ಬರೆಯಲು ನಾನು ಬಹಳ ದಿನಗಳಿಂದ ಕಾಯುತ್ತಿದ್ದೆ. ಅವನ ಹೆಸರು ಅಫನಾಸಿ ನಿಕಿತಿನ್. ರಷ್ಯದ ವೋಲ್ಗಾ ನದಿಯ ದಂಡೆಯ ಮೇಲಿರುವ ತ್ವೇರ್ ಎಂಬ ಊರಿನ ವ್ಯಾಪಾರಿ. ಸುಮಾರು 1470ರ ಆಸುಪಾಸಿನಲ್ಲಿ, ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾನ ಕಾಲದಲ್ಲಿ, ಮಾರಲೆಂದು ತಂದ ಒಂದೇ ಒಂದು ಕುದುರೆಯೊಂದಿಗೆ ಬೀದರಿಗೆ ಬಂದ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಮಾತ್ರ ಮರಳಿಸುವೆನೆಂದು ಪಟ್ಟು ಹಿಡಿದಿದ್ದ; ಖುರಾಸಾನಿನ ಒಬ್ಬ ಮುಸ್ಲಿಂ ಗೃಹಸ್ಥ ನಡುವೆ ಬಂದು ಮಾತಾಡಿ ಕುದುರೆಯನ್ನೂ ಅವನನ್ನೂ ಉಳಿಸಿದ.

ಬೀದರಿನಲ್ಲಿ ನಿಕಿತಿನ್ ಸುಲ್ತಾನನ ಆನೆ, ಕುದುರೆ, ಚಿನ್ನದ ಮೆರವಣಿಗೆಯನ್ನು ಕಂಡ. ಆದರೆ ಅದರ ಜೊತೆಗೇ, ನಾಡಿನಲ್ಲಿ ಜನ ಬಹಳ, ಹಳ್ಳಿಯವರು ಬರಿಮೈಯವರು, ಸರದಾರರು ಮಾತ್ರ ಬಲು ಸಿರಿವಂತರು ಎಂಬ ಅರ್ಥದ ಮಾತನ್ನೂ ಬರೆದಿದ್ದಾನೆ. ಅರಮನೆಯ ಕಡೆಯಿಂದ ಕಣ್ಣನ್ನು ಸರಿಸಿ ಹಳ್ಳಿಯವರ ಕಡೆಗೆ ನೋಡಿದ ಆ ವ್ಯಾಪಾರಿಯ ಬಗ್ಗೆ ನನಗೆ ಗೌರವವಿದೆ.

ಊಟದ ಮಾತಿಗೆ ಬರೋಣ. ಇಲ್ಲಿಯ ಹಿಂದೂಗಳ ಪರಿಚಯವಾದ ಮೇಲೆ ತಾನು ಮುಸ್ಲಿಮನಲ್ಲ, ಕ್ರೈಸ್ತ ಎಂದು ಅವನು ಹೇಳಿಕೊಂಡ. ಅಲ್ಲಿಂದ ಮುಂದೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲವೆಂದು ಬರೆಯುತ್ತಾನೆ. ಅಕ್ಕಿ, ತುಪ್ಪ ಹಾಕಿದ ಖಿಚಡಿ, ಸೊಪ್ಪು, ಹಾಲು. ಬಲಗೈಯಿಂದಲೇ ಊಟ, ಎಡಗೈ ಸೋಕಿಸುವಂತಿಲ್ಲ, ಚಾಕು ಹಿಡಿಯುವುದಿಲ್ಲ, ಚಮಚ ಗೊತ್ತಿಲ್ಲ. ಉಣ್ಣುವಾಗ ಪರರ ಕಣ್ಣು ಬೀಳಬಾರದೆಂದು ಕೆಲವರು ಬಟ್ಟೆಯ ಮರೆ ಮಾಡಿಕೊಳ್ಳುತ್ತಿದ್ದರಂತೆ. ಕುದುರೆಗಳ ಊಟವನ್ನೂ ಅವನು ಬಿಟ್ಟಿಲ್ಲ: ಅವುಗಳಿಗೆ ಕಡಲೆ, ಜೊತೆಗೆ ಸಕ್ಕರೆ-ತುಪ್ಪದ ಖಿಚಡಿ. ಗಮನಿಸಿರಿ, ಈ ಊಟದಲ್ಲಿ ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ. ಅವೆರಡೂ ಆಗ ಇನ್ನೂ ಕಡಲಾಚೆ ಇದ್ದವು.

ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಆಳಂದದ ಜಾತ್ರೆಯನ್ನೂ ಅವನು ವರ್ಣಿಸಿದ್ದಾನೆ. ಶೇಖ್ ಅಲಾವುದ್ದೀನರ, ಎಂದರೆ ನಾವು ಲಾಡ್ಲೆ ಮಶಾಯಿಕ್ ಎಂದು ಕರೆಯುವ ಸೂಫಿ ಸಂತರ ನೆನಪಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಆ ಸಂತೆಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂಬುದು ಅವನ ಲೆಕ್ಕ. ಅದೇ ಆಳಂದದಲ್ಲಿ "ಗುಕುಕ್" ಎಂಬ ಹಕ್ಕಿಯ ಕಥೆಯನ್ನು ಕೇಳಿ ಬರೆದುಕೊಂಡ: ಅದು ರಾತ್ರಿ ಹಾರುತ್ತದೆ, "ಕುಕ್ ಕುಕ್" ಎಂದು ಕೂಗುತ್ತದೆ, ಯಾರ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ, ಕೊಲ್ಲಲು ಹೋದರೆ ಅದರ ಬಾಯಿಂದ ಬೆಂಕಿ ಬರುತ್ತದೆ. ಇದು ನಮ್ಮ ಗೂಗಿಯಲ್ಲದೆ ಇನ್ನೇನು ಎಂದು ನನಗೆ ಅನ್ನಿಸುತ್ತದೆ. ಮಾಳಿಗೆಯ ಮೇಲೆ ಗೂಗಿ ಕೂತರೆ ಇಂದಿಗೂ ಕಲ್ಲೆಸೆಯಲು ಹಿಂಜರಿಯುವ ಹಿರಿಯರು ನಮ್ಮಲ್ಲಿದ್ದಾರೆ. ಐದೂವರೆ ಶತಮಾನಗಳ ಹಿಂದೆ ಯಾರೋ ಒಬ್ಬರು ಕಟ್ಟೆಯ ಮೇಲೆ ಕೂತು, ಭಾಷೆ ಸರಿಯಾಗಿ ಬಾರದ ಒಬ್ಬ ಗಡ್ಡದ ವ್ಯಾಪಾರಿಗೆ ಆ ಕೂಗನ್ನು ಅಣಕಿಸಿ ತೋರಿಸಿರಬೇಕು ಎಂದು ಕಲ್ಪಿಸಿಕೊಂಡಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಅವನ ದುಃಖವನ್ನೂ ಹೇಳದೆ ಬಿಡಲಾರೆ. ವೋಲ್ಗಾದ ದಾರಿಯಲ್ಲಿಯೇ ಕಳ್ಳರು ಅವನ ಪುಸ್ತಕಗಳನ್ನು ದೋಚಿದ್ದರು. ಹಾಗಾಗಿ ತನ್ನ ಹಬ್ಬ ಯಾವ ದಿನ, ಉಪವಾಸ ಯಾವ ದಿನ ಎಂಬುದೇ ಅವನಿಗೆ ತಿಳಿಯದಾಯಿತು. ಸುತ್ತಲಿನ ಮುಸ್ಲಿಮರು ರೋಜಾ ಹಿಡಿದಾಗ ತಾನೂ ತಿಂಗಳುಗಟ್ಟಲೆ ಮಾಂಸ ಬಿಟ್ಟು, ರೊಟ್ಟಿ-ನೀರಿನ ಮೇಲೆ ದಿನ ಕಳೆದ. ಕೊನೆಗೆ ಊರಿನ ಕಡೆಗೆ ಹೊರಟವನು ತ್ವೇರ್ ತಲುಪಲಿಲ್ಲ. ಸ್ಮೊಲೆನ್ಸ್ಕ್ ಸಮೀಪ ತೀರಿಕೊಂಡ. ಅವನ ಬರವಣಿಗೆ ಮಾತ್ರ ಉಳಿಯಿತು.

ಪ್ರಶ್ನೆ: ಹೊರದೇಶದ ಗೆಳೆಯನೊಬ್ಬ ಬಿದರಿ ಕಲೆಯನ್ನು ನೋಡಿ, "ಇದು ಇರಾನಿನದು, ನಿಮ್ಮದಲ್ಲ" ಎಂದ. ಏನು ಹೇಳಲಿ?
– ಅಂಗಡಿಕಾರ, ಬೀದರ್

ಉತ್ತರ: ಜಗಳವಾಡಬೇಡಿರಿ, ಅವನ ಮಾತು ಅರ್ಧ ಸರಿಯಾಗಿದೆ. ಬಹಮನಿ ಅರಸರು ಇರಾನಿನ ಕಡೆಯಿಂದ ವಿದ್ವಾಂಸರನ್ನೂ ಸಂತರನ್ನೂ ಕುಶಲಕರ್ಮಿಗಳನ್ನೂ ಕರೆಸಿಕೊಂಡರು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಇರಾನಿನ ಗೀಲಾನಿನಿಂದ ಬಂದವನು. ಲೋಹಕ್ಕೆ ಬೆಳ್ಳಿ ಕೂರಿಸುವ ಕೈಚಳಕವೂ ಆ ದಾರಿಯಲ್ಲಿಯೇ ಬಂತೆಂಬುದು ಇಲ್ಲಿಯ ಪರಂಪರೆಯ ಮಾತು.

ಇನ್ನರ್ಧವನ್ನು ಅವನಿಗೆ ಕಾರ್ಖಾನೆಯಲ್ಲಿ ತೋರಿಸಿರಿ. ಸತುವಿಗೆ ಅತಿ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲ್ಮೈ ನಯಗೊಳಿಸಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ, ಉಳಿಯಿಂದ ಹೂಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸಿ ಮತ್ತೆ ಉಜ್ಜಿದಾಗ, ಲೋಹವೂ ಬೆಳ್ಳಿಯೂ ಒಂದೇ ಬೂದುಬಿಳುಪಾಗಿ ಕಂಡು, ಇಷ್ಟು ದಿನದ ಚಿತ್ತಾರ ಎಲ್ಲಿ ಹೋಯಿತೆಂದು ಹೊಸಬರು ಗಾಬರಿಯಾಗುತ್ತಾರೆ. ಆಮೇಲೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರವೆಂಬ ಲವಣದೊಂದಿಗೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ಬಳಿದರೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಒಳ್ಳೆಯದೆಂದು ತಿಳಿಯಲು ಕುಶಲಕರ್ಮಿಗಳು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಆ ಕಪ್ಪು ಬೀದರಿನದು, ಆ ನಾಲಿಗೆಯ ಅರಿವೂ ಬೀದರಿನದು. 2023ರಲ್ಲಿ ಪದ್ಮಶ್ರೀ ಪಡೆದ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರವರೆಗೆ ಅದು ಕೈಯಿಂದ ಕೈಗೆ ಬಂದಿದೆ.

ಪ್ರಶ್ನೆ: ಧಾರಾವಾಹಿ ನೋಡಿ, ಹಾಡು ಕೇಳಿ ನಾನು ಸ್ವಲ್ಪ ಕೊರಿಯನ್ ಕಲಿತಿದ್ದೇನೆ. ಕಲಬುರಗಿಯಲ್ಲಿ ಒಬ್ಬ ಕೊರಿಯನ್ ಅಕ್ಕನ ಪರಿಚಯವಾಗಿ, ಅವರು ನಮ್ಮ ಮನೆಗೆ ಬಂದಿದ್ದರು. ನಾನು ಅವರ ದೇಶದ ಗಾಯಕರ ಬಗ್ಗೆ ಕೇಳುತ್ತಿದ್ದರೆ ಅವರು ಒಳಗೆ ನನ್ನ ಅಜ್ಜಿ ಗುನುಗುತ್ತಿದ್ದ ಬೀಸುವ ಪದದ ಅರ್ಥ ಕೇಳಿದರು. ನನಗೆ ಹೇಳಲು ಬರಲಿಲ್ಲ. ಮನೆಯಲ್ಲಿ ಎಲ್ಲರೂ "ಪರದೇಶದ ಹುಚ್ಚು ಬಿಡು" ಎನ್ನುತ್ತಾರೆ. ಬಿಡಬೇಕೇ?
– ಪಿಯುಸಿ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಬಿಡಬೇಡ ತಂಗಿ. ಹಾಡಿನ ಸೆಳೆತಕ್ಕೆ ಒಂದು ಲಿಪಿಯನ್ನೇ ಕಲಿತವಳು ನೀನು. ಆ ಲಿಪಿಯನ್ನು ಸೆಜಾಂಗ್ ಎಂಬ ಅರಸ 1446ರಲ್ಲಿ ಜನರಿಗೆ ಕೊಟ್ಟ. ಆಗ ನಮ್ಮ ಬೀದರ್ ಬಹಮನಿಗಳ ರಾಜಧಾನಿಯಾಗಿತ್ತು. ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಉಚ್ಚಾರಕ್ಕೆ ಒಂದು ಗುಂಪು ಕಟ್ಟುವ ಅದರ ಕ್ರಮ, ಕಾಗುಣಿತ ಬರೆದು ಬೆಳೆದ ನಿನಗೆ ಬೇಗ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಅವರೂ ತಂದೆಯನ್ನು "ಅಪ್ಪ" ಎಂದೇ ಕರೆಯುತ್ತಾರೆಂಬುದು ನಿನಗೆ ಗೊತ್ತೇ ಇರುತ್ತದೆ.

ಈಗ ಅಜ್ಜಿಯ ಪದಕ್ಕೆ ಬಾ. ಅದು ಬಹುಶಃ ತ್ರಿಪದಿ, ಮೂರು ಸಾಲಿನದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 1,300 ವರ್ಷಗಳ ಹಿಂದೆಯೇ, ಕಲ್ಲಿನ ಮೇಲೆ ಮೂಡಿದ ಛಂದಸ್ಸು ಅದು. ಹಾಡುವಾಗ ಎರಡನೆಯ ಸಾಲು ಮರಳಿ ಬರುತ್ತದೆ, ಏಕೆಂದರೆ ಬೀಸುಗಲ್ಲು ಸುತ್ತುವ ತೋಳಿಗೆ ಆ ಮರಳುವಿಕೆ ಬೇಕು. ಕೊರಿಯಾದಲ್ಲಿಯೂ "ಸಿಜೊ" ಎಂಬ ಹಳೆಯ ಪದ್ಯಜಾತಿ ಇದೆ. ಅದೂ ಮೂರೇ ಸಾಲಿನದು, ಅದನ್ನೂ ಹಾಡುತ್ತಿದ್ದರು. ನಿನ್ನ ಆ ಅಕ್ಕ ಶಾಲೆಯಲ್ಲಿ ಸಿಜೊ ಓದಿರಬಹುದು, ಕೇಳು. ಮೊಹರಂ ಬಂದಾಗ ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲಿಯೇ ಹಾಡುವ ರಿವಾಯತ್ ಪದಗಳನ್ನೂ, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಭಜನೆಯನ್ನೂ ಅವರಿಗೆ ಕೇಳಿಸು.

ಅದಕ್ಕೂ ಮೊದಲು ಅಜ್ಜಿಯ ಬಳಿ ಕೂತು, ಆ ಪದವನ್ನು ನಿಧಾನವಾಗಿ ಹೇಳಿಸಿಕೊಂಡು ಬರೆದುಕೋ. ಅರ್ಥವಾಗದ ಮಾತಿಗೆ ಗೆರೆ ಎಳೆದು ಅಜ್ಜಿಯನ್ನೇ ಕೇಳು. ಅಕ್ಕ ಮತ್ತೊಮ್ಮೆ ಬಂದಾಗ ಒಂದು ಪುಟದಲ್ಲಿ ಕನ್ನಡದ ಮೂರು ಸಾಲು, ಅದರ ಕೆಳಗೆ ನಿನಗೆ ಬಂದಷ್ಟು ಕೊರಿಯನ್ನಿನಲ್ಲಿ ಅದರ ಅರ್ಥ ಬರೆದು ಕೊಡು. ತಪ್ಪುಗಳನ್ನು ಅವರು ತಿದ್ದಲಿ. ಆ ಪುಟದ ಪ್ರತಿಯೊಂದನ್ನು ನಮಗೂ ಕಳಿಸು, ಜೊತೆಗೆ ಅಜ್ಜಿ ಅದನ್ನು ಯಾರಿಂದ ಕಲಿತರೆಂಬುದನ್ನೂ ಬರೆ.