ಮನೆಗೆ ಬೇರೆ ಕೊಪ್ಪರಿಗೆ

ಡಿಸೆಂಬರ್ ಕೊನೆಯಲ್ಲಿ ಮಂಡ್ಯ ಕಡೆಯ ಆಲೆಮನೆಯವರೊಬ್ಬರು ನನ್ನ ಬಳಿ ಬಂದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಐವತ್ತರ ಆಸುಪಾಸು. ಬಹಳ ವರ್ಷದಿಂದ ಕ್ರೈಸ್ತ ವಿಶ್ವಾಸಿ, ಚರ್ಚಿನ ಸಭೆಯಲ್ಲಿ ಹಿರಿಯರು. ಕೂತವರೇ ಬೈಬಲ್ ತೆಗೆದು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ ತೋರಿಸಿದರು. 26ನೇ ವಚನದ ಕೆಳಗೆ ಕೆಂಪು ಪೆನ್ನಿನ ಗೆರೆ. ಒತ್ತಿ ಎಳೆದು ಹಾಳೆ ಹರಿದಿತ್ತು. ಸತ್ಯ ತಿಳಿದ ಮೇಲೂ ಬೇಕಂತಲೇ ಪಾಪ ಮಾಡಿದರೆ ಪರಿಹಾರಕ್ಕೆ ಬೇರೆ ಯಜ್ಞವೇ ಇಲ್ಲ ಅನ್ನುವ ವಚನ ಅದು.

"ನನ್ನ ಕಥೆ ಮುಗೀತಾ ಮೇಡಂ?"

ಏನು ಮಾಡಿದ್ದೀರಿ ಅಂತ ಕೇಳಿದೆ. ಕುಡಿತವೋ ಹೆಣ್ಣಿನ ವಿಷಯವೋ ಇರಬೇಕು ಅಂದುಕೊಂಡಿದ್ದೆ. ಅವರು ಹೇಳಿದ್ದು ಹೈಡ್ರೋಸ್ ಅನ್ನುವ ಬಣ್ಣ ತೆಗೆಯುವ ಕೆಮಿಕಲ್ ಪುಡಿಯ ಬಗ್ಗೆ. ಕಬ್ಬಿನ ಹಾಲು ಕುದಿಯುವಾಗ ಆ ಪುಡಿ ಹಾಕಿದರೆ ಬೆಲ್ಲ ಹಳದಿ ಹೊಡೆಯುತ್ತದೆ. ಮಂಡಿಯಲ್ಲಿ ಬಣ್ಣಕ್ಕೇ ರೇಟು. ಕೆಲವು ವಾರ ಇಟ್ಟರೆ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಅಷ್ಟರಲ್ಲಿ ಮಾರಿಹೋಗಿರುತ್ತದೆ. ಮಡ್ಡಿ ತೆಗೆಯೋಕೆ ಬೆಂಡೆ ಗಿಡದ ಲೋಳೆ, ಸುಣ್ಣ ಸಾಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಅಪ್ಪ ಹಾಗೇ ಮಾಡುತ್ತಿದ್ದರಂತೆ.

"ವಾರವೆಲ್ಲಾ ಹಾಕಿಸ್ತೀನಿ. ಶನಿವಾರ ರಾತ್ರಿ ಮಂಡಿಯೂರಿ ಅರಿಕೆ ಮಾಡ್ಕೋತೀನಿ. ಭಾನುವಾರ ಸಭೇಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೋತೀನಿ. ಸೋಮವಾರ ಮತ್ತೆ..."

"ಸೋಮವಾರ ಹಾಕಿಸೋದು ಶನಿವಾರವೇ ಗೊತ್ತಿರುತ್ತಲ್ವಾ?"

"ಪುಡಿ ಡಬ್ಬ ಶನಿವಾರ ಸಂಜೆನೇ ತರಿಸಿ ಇಟ್ಟಿರ್ತೀನಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಪುಡಿಯ ತಪ್ಪು ಒಂದು. ಕ್ಷಮೆಯನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದು ಇನ್ನೊಂದು, ಅದೇ ದೊಡ್ಡದು. ಸುಣ್ಣ, ಲೋಳೆಯ ಹಾಗೆ ಪ್ರಾರ್ಥನೆಯೂ ಬೆಲ್ಲ ಮಾಡುವ ಕೆಲಸದ ಒಂದು ಭಾಗವಾಗಿಬಿಟ್ಟಿತ್ತು. ಕೃಪೆ ಜಾಸ್ತಿಯಾಗಲಿ ಅಂತ ಪಾಪದಲ್ಲೇ ಇರೋಣವೇ ಎಂದು ಪೌಲ ರೋಮಾಪುರದವರನ್ನು ಕೇಳಿದ್ದು ಇದನ್ನೇ. ಬೈಬಲಿನ ಅರಣ್ಯಕಾಂಡದ 15ನೇ ಅಧ್ಯಾಯ ತಿಳಿಯದೆ ಮಾಡಿದ್ದನ್ನೂ ಕೈ ಎತ್ತಿ, ಅಂದರೆ ಬೇಕಂತಲೇ ದೇವರಿಗೆ ಎದುರು ನಿಂತು, ಮಾಡಿದ್ದನ್ನೂ ಬೇರೆ ಬೇರೆ ಇಡುತ್ತದೆ. ಮೂಲ ಹೀಬ್ರೂವಿನಲ್ಲಿರುವ ಮಾತೇ 'ಎತ್ತಿದ ಕೈ'.

ಆದರೆ ಅವರಿಗೆ ಅದನ್ನು ಹೇಳುವ ಮುಂಚೆ ಒಂದು ಕೇಳಿದೆ. "ಅಣ್ಣ, ನಿಮ್ಮ ಮನೇಲಿ ಕಾಫಿಗೆ ಹಾಕೋ ಬೆಲ್ಲ ಯಾವ ಬಣ್ಣ?"

ತುಂಬಾ ಹೊತ್ತು ಮಾತಿಲ್ಲ. ಟವೆಲ್ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

"ಕರೀದು. ಮನೆಗೆ ಬೇರೆ ಕೊಪ್ಪರಿಗೆ ಇಳಿಸ್ತೀವಿ. ಮೊಮ್ಮಗು ಇದೆ."

ಅಲ್ಲಿಗೆ ಅತ್ತರು. ನಾನು ತಡೆಯಲಿಲ್ಲ.

ಆಮೇಲೆ ಆ ವಚನಕ್ಕೆ ಬಂದೆವು. ನಮ್ಮ ಸಭೆಗಳಲ್ಲಿ ಇದನ್ನು ಎರಡು ಥರ ಕೆಡಿಸುತ್ತಾರೆ ಅಂತ ನನಗೆ ಅನಿಸುತ್ತದೆ. ಕೆಲವರು ರಕ್ಷಣೆ ಆಗಿದೆ, ತಲೆ ಕೆಡಿಸಿಕೊಳ್ಳಬೇಡಿ ಅಂತ ಹಾರಿಸಿಬಿಡುತ್ತಾರೆ. ಕೆಲವರು ಜನರನ್ನು ಹೆದರಿಸಿ ಕೂರಿಸೋಕೆ ಓದುತ್ತಾರೆ. ಮೂಲ ಗ್ರೀಕಿನಲ್ಲಿ 'ಪಾಪ ಮಾಡು' ಅನ್ನುವ ಆ ಕ್ರಿಯಾಪದ ಒಂದು ಸಲ ಎಡವಿದ್ದನ್ನಲ್ಲ, ಮಾಡುತ್ತಲೇ ಇರುವುದನ್ನು ಹೇಳುತ್ತದೆ. 29ನೇ ವಚನದಲ್ಲಿ ಬರುವವನು ದೇವರ ಮಗನನ್ನೇ ಕಾಲಿಂದ ತುಳಿದವನು. ಅದೇ ಪತ್ರಿಕೆ, ಅದೇ ಅಧ್ಯಾಯದ ಕೊನೆಗೆ, ನಾವು ಹಿಂಜರಿದು ನಾಶವಾಗುವವರಲ್ಲ ಅನ್ನುತ್ತದೆ. "ನಿಮ್ಮ ಕಥೆ ಮುಗಿದಿಲ್ಲ. ಮುಗಿದಿದ್ದರೆ ನಿದ್ದೆಗೆಟ್ಟು ಇಲ್ಲಿ ತನಕ ಬರ್ತಿರಲಿಲ್ಲ. ಆದರೆ ನೀವು ನಡೀತಾ ಇರೋ ದಾರಿ ಆ ವಚನದ ಕಡೆಗೇ ಹೋಗುತ್ತೆ" ಅಂದೆ. ಮೊದಲ ಮಾತಿಗೆ ಅವರ ಮುಖ ಅರಳಿತ್ತು. ಅದನ್ನೊಂದನ್ನೇ ಹಿಡಿದುಕೊಂಡು ಎದ್ದು ಹೋಗಬಾರದು ಅಂತಲೇ ಎರಡನೆಯದನ್ನೂ ಹೇಳಿದ್ದು.

ಶನಿವಾರದ ಪ್ರಾರ್ಥನೆ ಬಿಡಿ ಅನ್ನಲಿಲ್ಲ. ಡಬ್ಬ ಆಲೆಮನೆಯಿಂದ ಆಚೆ ಹೋದ ಮೇಲೆ ಮಂಡಿಯೂರಿ ಅಂದೆ. ಕೊಪ್ಪರಿಗೆ ಮುಂದೆ ನಿಲ್ಲುವ ಆಳಿಗೆ, ಪುಡಿ ಹಾಕಿಸಿದ್ದು ನನ್ನ ತಪ್ಪು ಅಂತ ನೀವೇ ಬಾಯಿಬಿಟ್ಟು ಹೇಳಬೇಕು ಅಂದೆ. ಆ ಪುಡಿಯ ಹೊಗೆ ಕುಡಿದದ್ದು ಅವನಲ್ವಾ. ಪಾಸ್ಟರಿಗೂ ಹೆಂಡತಿಗೂ ಹೇಳಬೇಕು. ಹೆಂಡತಿಗೆ ಗೊತ್ತೇ ಇತ್ತು, ಅದು ಬೇರೆ ಮಾತು.

ದುಡ್ಡಿನ ವಿಷಯಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಯಾಜಕಕಾಂಡದ 6ನೇ ಅಧ್ಯಾಯದಲ್ಲಿ ನೆರೆಯವನಿಗೆ ಮೋಸ ಮಾಡಿದವನ ನಿಯಮ ಇದೆ. ಅದೂ ಗೊತ್ತಿದ್ದೇ ಮಾಡಿದ ಮೋಸ. ಅವನ ಪಾಪಕ್ಕೂ ಪರಿಹಾರದ ಯಜ್ಞ ಇತ್ತು. ಆದರೆ ಪೂರ್ತಿ ಹಿಂದಕ್ಕೆ ಕೊಟ್ಟು, ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕಿತ್ತು. ಇದನ್ನು ಅವರು ಎಷ್ಟೋ ಸಲ ಓದಿದ್ದರು, ಬೆಲ್ಲಕ್ಕೆ ಮಾತ್ರ ಹೊಂದಿಸಿ ನೋಡಿರಲಿಲ್ಲ. "ಹಾಗಾದರೆ ಆ ದುಡ್ಡು ಸಭೆಗೆ ಕಾಣಿಕೆ ಹಾಕ್ತೀನಿ" ಅಂದರು. ಬೇಡ ಅಂದೆ. ತಿಂದವರು ಯಾರೋ, ಕಾಣಿಕೆ ಪೆಟ್ಟಿಗೆಗೆ ಹಾಕಿ ಕೈ ತೊಳೆದುಕೊಳ್ಳೋದು ಯಾಕೆ? ಮಂಡಿಯಿಂದ ಎಲ್ಲೆಲ್ಲಿಗೋ ಹೋದದ್ದನ್ನು ಹುಡುಕೋಕೆ ಆಗಲ್ಲ, ನಿಜ. ಆದರೆ ಕ್ರಿಸ್‌ಮಸ್ ಕಜ್ಜಾಯಕ್ಕೆ ಅಂತ ಸಭೆಯ ಹನ್ನೊಂದು ಮನೆಯವರು ಅವರ ಹತ್ತಿರವೇ ಬೆಲ್ಲ ಕೊಂಡಿದ್ದರು. ಆ ಹನ್ನೊಂದು ಬಾಗಿಲಿಗೆ ಹೋಗಿ ಅಂದೆ. ಇಡೀ ಸಲಹೆಯಲ್ಲಿ ಅವರಿಗೆ ಕಷ್ಟವಾಗಿದ್ದು ಇದೊಂದೇ. ಒಂಬತ್ತು ಮನೆಗೆ ಹೋದರು. ಉಳಿದ ಎರಡು ಬೀಗರ ಮನೆ, ಇನ್ನೂ ಹೋಗಿಲ್ಲ.

ಕಪ್ಪು ಬೆಲ್ಲಕ್ಕೆ ಮಂಡಿಯಲ್ಲಿ ರೇಟು ಕಮ್ಮಿ ಬಂತು. ಮುಂಗಡ ಕೊಟ್ಟಿದ್ದ ವ್ಯಾಪಾರಿ ರೇಗಾಡಿದ. ಮೈಸೂರಿನಲ್ಲಿ ಕೆಮಿಕಲ್ ಇಲ್ಲದ ಬೆಲ್ಲ ಕೇಳುವ ಒಂದೆರಡು ಅಂಗಡಿ ಸಿಕ್ಕವು. ಆದರೆ ಅವರು ಕೊಳ್ಳುವುದು ಸ್ವಲ್ಪವೇ.

ಫೆಬ್ರವರಿಯಲ್ಲಿ ಒಂದು ರಾತ್ರಿ ಹತ್ತರ ಮೇಲೆ ಫೋನ್ ಬಂತು. ವ್ಯಾಪಾರಿಯ ಕಾಟ ತಡೆಯಲಾಗದೆ ಅವತ್ತು ಒಂದು ಕೊಪ್ಪರಿಗೆಗೆ ಪುಡಿ ಹಾಕಿಸಿಬಿಟ್ಟಿದ್ದರು. ಕ್ಷಮೆ ಸಿಗುತ್ತಾ ಅಂತ ಕೇಳುತ್ತಾರೇನೋ ಅಂತ ಕಾದೆ. ಅವರು ಕೇಳಿದ್ದು, "ಆ ಬೆಲ್ಲ ಏನು ಮಾಡಲಿ ಮೇಡಂ?"

"ಮಾರಬೇಡಿ."

"ಒಂದು ಕ್ವಿಂಟಾಲ್ ಹತ್ತಿರ ಇದೆ."

"ಇರಲಿ ಅಣ್ಣ."

"ಸರಿ, ಹಂಗಾದ್ರೆ ಈಗಲೇ ಅಚ್ಚಿಂದ ತೆಗೆಸಿ ಬೇರೆ ಇಡಿಸ್ತೀನಿ. ಬೆಳಗ್ಗೆ ಆದ್ರೆ ಮನಸ್ಸು ಬದಲಾಗುತ್ತೆ" ಅಂತ ಫೋನ್ ಇಟ್ಟರು.